ಬರ್ತೀನಿ ಅಂದವರ ಸೀಟು

ಸೋಮವಾರ ಬೆಳಿಗ್ಗೆ ಕುಬೇರಪ್ಪನವರು ಅಡುಗೆಮನೆಯ ಗೂಡಿನಲ್ಲಿ ಎರಡನೇ ರೂಟರನ್ನು ಇಟ್ಟು, ಪಂಚೆಗೆ ಕೈ ಒರೆಸಿಕೊಂಡು, "ಎಲ್ಲಾರೂ ಬನ್ನಿ" ಎಂದರು. ಎಲ್ಲಾರೂ ಅಂದರೆ ಇಬ್ಬರು. ಹೆಂಡತಿ ಮಂಗಳಮ್ಮ, ಮತ್ತು ಎಂಬತ್ತನಾಲ್ಕು ವರ್ಷದ ತಾಯಿ ರುದ್ರಮ್ಮ.

ರೂಟರು ಕೂತಿದ್ದದ್ದು ಮಂಗಳಮ್ಮನವರ ಮರದ ಸಾಂಬಾರ ಡಬ್ಬಿಯಲ್ಲಿ. ಸಾಸಿವೆ, ಜೀರಿಗೆ, ಮೆಂತ್ಯ ಇರಬೇಕಾದ ಗುಂಡಿಗಳಲ್ಲಿ ವೈರು, ಬ್ಯಾಟರಿ, ಹಳೇ ರೇಡಿಯೋದ ಸ್ಪೀಕರು ತುಂಬಿಕೊಂಡಿದ್ದವು.

"ನನ್ನ ಜೀರಿಗೆ ಎಲ್ರೀ?"

"ಲೋಟದಲ್ಲಿ ಹಾಕಿಟ್ಟಿದೀನಿ."

"ಸ್ಟೀಲ್ ಡಬ್ಬ ತಗೊಳ್ಳೋಕೆ ಏನಾಗಿತ್ತು?"

"ಸ್ಟೀಲು ಸಿಗ್ನಲ್ಲು ತಡೆಯುತ್ತೆ ಕಣೇ, ಮರ ಅಷ್ಟು ತಡೆಯಲ್ಲ. ವಿಜ್ಞಾನ ಇದು."

ಈ ಸಲದ ಯಂತ್ರ ಮಂಗಳಮ್ಮನವರಿಗೋಸ್ಕರವೇ ಆಗಿತ್ತು. ಅರಸೀಕೆರೆಯ ಆ ಮನೆ ರೈಲಿನ ಬೋಗಿಯ ಹಾಗೆ ಉದ್ದಕ್ಕಿದೆ. ಮುಂದಿನ ಹಜಾರದಲ್ಲಿದ್ದ ಹಳೇ ರೂಟರಿನ ಸಿಗ್ನಲ್ಲು ಅಡುಗೆಮನೆಯ ಗೋಡೆಯವರೆಗೆ ಬಂದು ಅಲ್ಲೇ ನಿಂತುಬಿಡುತ್ತಿತ್ತು. ಮಂಗಳಮ್ಮ ಪಿಟೀಲು ನುಡಿಸುವುದು ಹಿಂದಿನ ಕೋಣೆಯಲ್ಲಿ. ಮದುವೆಗೆ ಮುಂಚೆ ಜೂನಿಯರ್ ಪರೀಕ್ಷೆ ಪಾಸು ಮಾಡಿದ್ದವರು, ಸೀನಿಯರಿಗೆ ಕೂರಲು ಮೂವತ್ತೊಂದು ವರ್ಷ ಕಾದಿದ್ದರು. ಗುರುವಾರ ಸಂಜೆ ನಾಲ್ಕಕ್ಕೆ ಪರೀಕ್ಷಕರು ಮೈಸೂರಿನಿಂದ ವೀಡಿಯೋದಲ್ಲಿ ಕೇಳುವವರಿದ್ದರು. ಆ ಹೊತ್ತು ತಪ್ಪಿದರೆ ಇನ್ನು ಒಂದು ವರ್ಷ. ಎಡಗೈ ಉಂಗುರದ ಬೆರಳಿಗೆ ಆಗಲೇ ಸಂಧಿನೋವು ಬಂದಿತ್ತು. ಮುಂದಿನ ವರ್ಷ ಆ ಬೆರಳು ಹೇಳಿದ ಮಾತು ಕೇಳುತ್ತದೆಂಬ ನಂಬಿಕೆ ಅವರಿಗಿರಲಿಲ್ಲ.

"ಇದರ ಹೆಸರು ಮಾಸ್ತರು, ಸ್ಟೇಷನ್ ಮಾಸ್ತರಿದ್ದ ಹಾಗೆ," ಎಂದರು ಕುಬೇರಪ್ಪ. ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಮೂವತ್ತಾರು ವರ್ಷ ದುಡಿದು ನಿವೃತ್ತರಾದವರಿಗೆ ಬೇರೆ ಹೆಸರು ಹೊಳೆದಿರಲಾರದು. "ಬಂದೋರೆಲ್ಲ ಪಾಸ್‌ವರ್ಡ್ ಕೇಳೋದು, ನಾನು ಕನ್ನಡಕ ಹುಡುಕೋದು, ಇನ್ನು ಇಲ್ಲ. ಇದಕ್ಕೆ ಕನ್ನಡ ಬರುತ್ತೆ. 'ಬಂದೆ' ಅಂದೋರ ಫೋನಿಗೆ ಸೀಟು ಕೊಡುತ್ತೆ. 'ಹೋಗ್ತೀನಿ' ಅಂದ್ರೆ ಸೀಟು ವಾಪಸ್ಸು. ಒಟ್ಟು ಹನ್ನೊಂದು ಸೀಟು."

"ಹಳೇದು?"

"ಇಂಟರ್ನೆಟ್ ಕಂಪನಿಯವನ ಕೈಲಿ ಅದರ ಬಾಯಿ ಮುಚ್ಚಿಸಿದೀನಿ. ಎರಡೂ ಸೀಟು ಹಂಚೋಕೆ ಹೋದ್ರೆ ಒಂದೇ ಸೀಟು ಇಬ್ಬರಿಗೆ ಕೊಟ್ಟು ಜಗಳ ತರ್ತವೆ. ಇನ್ಮೇಲೆ ಹಂಚೋದು ಮಾಸ್ತರು ಒಬ್ಬರೇ. ರಿಸರ್ವೇಶನ್ ನಿಯಮದ ಪುಸ್ತಕ ಪೂರ್ತಿ ಓದಿ ಹೇಳಿದೀನಿ, ಎರಡು ದಿನ ಹಿಡೀತು."

"ಪೂರ್ತಿ ಯಾಕೋ?" ಎಂದರು ರುದ್ರಮ್ಮ.

"ಅರ್ಧ ಓದಿದ್ರೆ ಅರ್ಧ ಬುದ್ಧಿ ಬರುತ್ತೆ ಅವ್ವ."

ಮಂಗಳಮ್ಮ ಫೋನು ಹಿಡಿದು, ಸ್ವಲ್ಪ ನಾಚಿಕೆಯಿಂದಲೇ, "ಬಂದೆ" ಎಂದರು. ಡಬ್ಬಿಯೊಳಗಿನಿಂದ ಒಂದು ಗಂಭೀರ ಗಂಡುದನಿ ಹೇಳಿತು: "ಸರ್ವಮಂಗಳಾ, ಸೀಟು ಸಂಖ್ಯೆ ಒಂದು. ಬನ್ನಿ, ಕೂತ್ಕೊಳ್ಳಿ." ಹಿಂದಿನ ಕೋಣೆಯಲ್ಲಿ ಸಿಗ್ನಲ್ಲಿನ ಕಡ್ಡಿಗಳೆಲ್ಲ ಎದ್ದು ನಿಂತವು. ಮಂಗಳಮ್ಮ ಜೀರಿಗೆಯ ವಿಷಯ ಮರೆತರು.

ಮಂಗಳವಾರ ಜನ ಬಂದರು. ಕುಬೇರಪ್ಪನವರು ಯಂತ್ರ ಮಾಡಿದರೆ ನೋಡಲು ಬರುವುದು ಆ ಬೀದಿಯಲ್ಲಿ ರೂಢಿ. ಎದುರುಮನೆ ಪ್ರಭಾವತಿ ಇಬ್ಬರು ತಂಗಿಯರನ್ನು ಕರೆತಂದರು. ಹಾಲಿನ ಜಯಣ್ಣ, ಗ್ಯಾಸಿನವನು, ಮೀಟರ್ ಓದುವವನು, ವಿಮೆ ಏಜೆಂಟು, ಲಗ್ನಪತ್ರಿಕೆ ಕೊಡಲು ಬಂದ ಗಂಡ ಹೆಂಡತಿ, ಕೊನೆಗೆ ಇಂಟರ್ನೆಟ್ ಕಂಪನಿಯ ಲೋಕೇಶ. ಒಬ್ಬೊಬ್ಬರೂ "ಬಂದೆ" ಎಂದು ಸೀಟು ಪಡೆದರು, ಕಾಫಿ ಕುಡಿದರು, "ಬರ್ತೀನಮ್ಮ" ಎಂದು ಹೊರಟರು. ಒಬ್ಬರೂ "ಹೋಗ್ತೀನಿ" ಎನ್ನಲಿಲ್ಲ. ಹೊರಡುವಾಗ ಹಾಗೆ ಅನ್ನುವವರು ಅರಸೀಕೆರೆಯಲ್ಲಿ ಯಾರಿದ್ದಾರೆ?

ಮಾಸ್ತರು ಮಾತಿಗೆ ಬೆಲೆ ಕೊಡುವವರು. ಬರ್ತೀನಿ ಅಂದವರು ಬರುತ್ತಾರೆಂದು ಅವರವರ ಸೀಟು ಹಾಗೇ ಕಾಯ್ದಿಟ್ಟರು. ಸಂಜೆ ರುದ್ರಮ್ಮನವರ ಧಾರಾವಾಹಿಗೆ ಟೀವಿ ಹಾಕಿದಾಗ ದನಿ ಕೇಳಿಸಿತು: "ಟೀವಿಯವರೇ, ದಯವಿಟ್ಟು ಗಮನಿಸಿ. ಸೀಟುಗಳು ಭರ್ತಿಯಾಗಿವೆ. ನಿಮ್ಮದು ವೇಟಿಂಗ್ ಲಿಸ್ಟ್ ಒಂದು."

"ಮನೆ ಟೀವಿಗೆ ವೇಟಿಂಗೇನೋ?" ಎಂದರು ರುದ್ರಮ್ಮ. "ಅದರ ಬ್ಯಾಟರಿ ಕಿತ್ತು ಮತ್ತೆ ಹಾಕು."

"ಹಾಕಿದ್ರೂ ಮರೆಯಲ್ಲ ಅವ್ವ. ಕರೆಂಟ್ ಹೋಯ್ತು ಅಂತ ಕಾದಿಟ್ಟ ಸೀಟು ಬಿಟ್ಟುಕೊಡೋಕಾಗುತ್ತಾ? ಹಾಗೇ ಮಾಡಿದೀನಿ."

"ಒಳ್ಳೆ ಕೆಲಸ ಮಾಡಿದೀಯ," ಎಂದು ಅವರು ಗೋಡೆಯ ಕಡೆ ತಿರುಗಿ ಮಲಗಿದರು.

ಬುಧವಾರ ಮಾಸ್ತರು ಬಾರದವರ ಫೋನಿಗೆಲ್ಲ ಸಂದೇಶ ಕಳಿಸಿದರು. 'ತಾವು ಬರ್ತೀನಿ ಅಂದಿದ್ದಿರಿ. ಎಲ್ಲಿದ್ದೀರಿ?' ಮಧ್ಯಾಹ್ನ ಮತ್ತೊಮ್ಮೆ ಕಳಿಸಿದರು. ಗುರುವಾರ ಬೆಳಿಗ್ಗೆ, 'ತಮ್ಮ ಸೀಟು ಕಾಯುತ್ತಿದೆ. ಅಜ್ಜಿಯೂ ಕಾಯುತ್ತಿದ್ದಾರೆ.' ಅಜ್ಜಿಯ ಮಾತು ಸುಳ್ಳಲ್ಲ. ರುದ್ರಮ್ಮ ಧಾರಾವಾಹಿಗೆ ಕಾಯುತ್ತಿದ್ದರು.

ಗುರುವಾರ ಮಧ್ಯಾಹ್ನ ಮೂರರ ಹೊತ್ತಿಗೆ ಹಜಾರದಲ್ಲಿ ಏಳು ಜನ ಕೂತಿದ್ದರು. ವಿಮೆ ಏಜೆಂಟು ಈ ಮನೆಯಲ್ಲಿ ಯಾರಿಗೋ ಏನೋ ಆಗಿರಬೇಕೆಂದು ಬಾಳೆಹಣ್ಣು ತಂದಿದ್ದ. ಯಾರಿಗೂ ಏನೂ ಆಗಿಲ್ಲವೆಂದು ತಿಳಿದ ಮೇಲೂ ಕೊಟ್ಟ ಹಣ್ಣು ವಾಪಸು ಕೇಳಲು ಅವನಿಗೆ ಮುಖವಿರಲಿಲ್ಲ. ಬಾರದೇ ಉಳಿದವರು ಮೂವರೇ: ಗ್ಯಾಸಿನವನು, ಮೀಟರ್ ಓದುವವನು, ಲೋಕೇಶ.

ಮಂಗಳಮ್ಮ ಹಿಂದಿನ ಕೋಣೆಯಲ್ಲಿ ಶ್ರುತಿ ಮಾಡಿಕೊಂಡು, ತಂಗಿಯ ಮಗಳಿಂದ ತರಿಸಿಕೊಂಡಿದ್ದ ದೊಡ್ಡ ಟ್ಯಾಬ್ಲೆಟ್ಟನ್ನು ಮಣೆಯ ಮೇಲೆ ನಿಲ್ಲಿಸಿದರು. ಕೈ, ಕಮಾನು ಎರಡೂ ಕಾಣಬೇಕೆಂದು ಪರೀಕ್ಷೆಯ ನಿಯಮ. ಫೋನಿನಲ್ಲಿ ಅವರ ಮೂಗು ಮಾತ್ರ ಕಾಣುತ್ತಿತ್ತು. ಕುಬೇರಪ್ಪನವರು ಟ್ಯಾಬ್ಲೆಟ್ಟಿನ ಪರವಾಗಿ "ಬಂದೆ" ಎಂದರು.

"ವೇಟಿಂಗ್ ಲಿಸ್ಟ್ ಎರಡು," ಎಂದರು ಮಾಸ್ತರು.

ಮಂಗಳಮ್ಮ ಗಂಡನ ಮುಖ ನೋಡಿದರು. ಗಂಡ ಗಡಿಯಾರ ನೋಡಿದರು. ಮೂರು ಮುಕ್ಕಾಲು.

"ಹಳೇದರ ಬಾಯಿ ಬಿಚ್ಚಿಸ್ರೀ."

"ಅದರ ಒಳಗಿನ ಪಾಸ್‌ವರ್ಡ್ ಲೋಕೇಶನ ಹತ್ರ ಇದೆ."

"ಲೋಕೇಶ ಎಲ್ಲಿದಾನೆ?"

"ಬರ್ತೀನಿ ಸಾರ್ ಅಂತಿದಾನೆ. ಬೆಳಿಗ್ಗೆಯಿಂದ."

ಕುಬೇರಪ್ಪನವರು ಹಜಾರಕ್ಕೆ ಓಡಿದರು. ಎಲ್ಲರೂ ಫೋನು ಆರಿಸಿದರು. "ಫೋನು ಮಲಗಿದೆ, ಸೀಟು ಅವರದೇ," ಎಂದರು ಮಾಸ್ತರು.

"ಇಬ್ಬರು 'ಹೋಗ್ತೀನಿ' ಅಂದುಬಿಡ್ರಪ್ಪ, ಸಾಕು," ಎಂದು ಕುಬೇರಪ್ಪ ಕೇಳಿಕೊಂಡರು. ಏಳೂ ಜನ ಅಜ್ಜಿಯ ಕಡೆ ತಿರುಗಿದರು. ಗೋಡೆಗೊರಗಿ ರುದ್ರಮ್ಮ ಕೂತಿದ್ದರು.

"ಅಜ್ಜಿ ಎದುರಿಗೆ ಆ ಮಾತಾ?" ಎಂದ ಜಯಣ್ಣ. "ನಾಳೆ ಹಾಲು ಒಡೆದ್ರೂ ನನ್ನ ಮೇಲೇ ಬರುತ್ತೆ ಸ್ವಾಮಿ."

"ಮದುವೆ ಇಟ್ಕೊಂಡಿದೀವಿ," ಎಂದರು ಲಗ್ನಪತ್ರಿಕೆಯವರು.

ಪ್ರಭಾವತಿ ತಂಗಿಯರ ಕಡೆ ನೋಡಿದರು, ತಂಗಿಯರು ಸೂರಿನ ಕಡೆ ನೋಡಿದರು. ವಿಮೆ ಏಜೆಂಟಂತೂ ತನ್ನ ಕಸುಬಿನಲ್ಲಿ ಆ ಪದವನ್ನು ಬಳಸುವುದೇ ಇಲ್ಲವೆಂದ.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಮಂಗಳಮ್ಮ ಹಜಾರಕ್ಕೆ ಬಂದರು. ಕಂಕುಳಲ್ಲಿ ಪಿಟೀಲು, ಕೈಯಲ್ಲಿ ಟ್ಯಾಬ್ಲೆಟ್ಟು, ಕಾಲಲ್ಲಿ ಚಪ್ಪಲಿ. ಒಳಮನೆಯಲ್ಲಿ ಅವರು ಚಪ್ಪಲಿ ಹಾಕಿದ್ದನ್ನು ಯಾರೂ ಕಂಡಿರಲಿಲ್ಲ.

"ಎಲ್ಲಿಗೇ?"

"ಸ್ಟೇಷನ್ನಿಗೆ. ಅಲ್ಲಿ ಯಾರಾದರೂ ಪುಣ್ಯಾತ್ಮರು ಇಂಟರ್ನೆಟ್ ಕೊಡ್ತಾರೆ. ಪ್ಲಾಟ್‌ಫಾರಂ ಮೇಲೆ ಕೂತೇ ನುಡಿಸ್ತೀನಿ. ನೀವೂ ನಿಮ್ಮ ಮಾಸ್ತರೂ ಸುಖವಾಗಿರಿ. ನಾನು ಹೋಗ್ತೀನಿ."

ಮೂವತ್ತೊಂದು ವರ್ಷದಲ್ಲಿ ಆ ಮಾತು ಆ ಬಾಯಿಂದ ಬಂದಿರಲಿಲ್ಲ. ಹಾಲಿನ ಜಯಣ್ಣ ಕೈಯಲ್ಲಿದ್ದ ಲೋಟ ಕೆಳಗಿಟ್ಟ.

"ಸರ್ವಮಂಗಳಾ, ಸೀಟು ಸಂಖ್ಯೆ ಒಂದು, ರದ್ದಾಗಿದೆ," ಎಂದರು ಮಾಸ್ತರು. "ವೇಟಿಂಗ್ ಲಿಸ್ಟ್ ಒಂದು, ಟೀವಿಯವರು. ಬನ್ನಿ, ಕೂತ್ಕೊಳ್ಳಿ." ಟೀವಿ ತಾನಾಗಿ ಹತ್ತಿಕೊಂಡಿತು. ಅದರಲ್ಲಿ ಯಾರದೋ ಸೊಸೆ ಅಳುತ್ತಿದ್ದಳು.

ರುದ್ರಮ್ಮ ಮೂರು ದಿನ ಕಾದಿದ್ದ ಧಾರಾವಾಹಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಗೋಡೆ ಹಿಡಿದು ಎದ್ದು ಬಂದು ಸೊಸೆಯ ಗಲ್ಲ ಮುಟ್ಟಿದರು.

"ಮಂಗಳಾ, ಬಿಡ್ತು ಅನ್ನು."

ಮಂಗಳಮ್ಮನವರ ಕಣ್ಣು ತುಂಬಿತ್ತು. ಕೆಟ್ಟ ಮಾತು ಬಾಯಿ ತಪ್ಪಿ ಬಂದಾಗ ಹಿರಿಯರು ಹೀಗೆ ಹೇಳಿದರೆ ಅನ್ನದೇ ಇರುವುದು ಹೇಗೆ?

"ಬಿಡ್ತು," ಎಂದರು.

ಡಬ್ಬಿಯಿಂದ ಉದ್ದನೆಯದೊಂದು ಸೀಟಿ ಕೇಳಿಸಿತು.

"ದಯವಿಟ್ಟು ಗಮನಿಸಿ. ರೈಲು ಬಿಟ್ಟಿದೆ. ಬಾರದೇ ಉಳಿದವರ ಸೀಟುಗಳು ರದ್ದಾಗಿವೆ. ವೇಟಿಂಗ್ ಲಿಸ್ಟಿನವರು, ಬನ್ನಿ, ಕೂತ್ಕೊಳ್ಳಿ."

ಟ್ಯಾಬ್ಲೆಟ್ಟು ಬೆಳಗಿತು. ಕುಬೇರಪ್ಪನವರು ಹಣೆ ಮುಟ್ಟಿಕೊಂಡರು. "ಆ ನಿಯಮ ಕೊನೇ ಪುಟದಲ್ಲಿತ್ತು. ಮನೆಗೆಲ್ಲಿ ರೈಲು ಬರುತ್ತೆ ಅಂತ ನಾನೇ ಮರೆತಿದ್ದೆ."

"ಪೂರ್ತಿ ಓದಿದ್ದು ಒಳ್ಳೇದಾಯ್ತು," ಎಂದರು ರುದ್ರಮ್ಮ.

ನಾಲ್ಕಕ್ಕೆ ಸರಿಯಾಗಿ ಪರದೆಯ ಮೇಲೆ ವಿದ್ವಾನ್ ನಂಜುಂಡಾಚಾರ್ ಕಾಣಿಸಿಕೊಂಡರು. ಮಂಗಳಮ್ಮ ಕಲ್ಯಾಣಿ ಎತ್ತಿಕೊಂಡರು. ಹಜಾರದ ಏಳೂ ಜನ ಕಿವಿಗೊಟ್ಟು ಕೂತರು. ಬೆರಳು ಮೊದಲು ಸ್ವಲ್ಪ ಸತಾಯಿಸಿತು, ಆಮೇಲೆ ಹಳೇ ನೆನಪಿನ ಮೇಲೆ ನಡೆಯತೊಡಗಿತು. ಆಲಾಪನೆ ಮೇಲೇರುತ್ತಿದ್ದಂತೆ ಮಾಸ್ತರು, "ಮುಂದಿನ ನಿಲ್ದಾಣ ಬಾಣಾವರ," ಎಂದರು.

ಆಚಾರ್ಯರು ಕಣ್ಣು ತೆರೆದರು. "ತಾಯಿ, ರೈಲಲ್ಲಿ ಕೂತಿದ್ದೀರಾ?"

"ಇಲ್ಲ ಸಾರ್, ಮನೇಲಿದೀನಿ."

"ಆಗಲಿ. ಶ್ರುತಿ ಚೆನ್ನಾಗಿದೆ, ಮುಂದುವರಿಸಿ."

ಕೃತಿ ಮುಗಿಯುವಾಗ ಕಡೂರು ಬಂತು. ಮಂಗಳಮ್ಮ ಕಮಾನು ಕೆಳಗಿಟ್ಟಾಗ ಬೀರೂರು. ಆಚಾರ್ಯರು ಏನೋ ಬರೆದುಕೊಂಡು, ಕನ್ನಡಕ ತೆಗೆದು, ಸೌಜನ್ಯದಿಂದ ಕೈ ಮುಗಿದರು.

"ಸರಿ ತಾಯಿ. ನಾನಿನ್ನು ಬರ್ತೀನಿ."

ಕುಬೇರಪ್ಪ, ಮಂಗಳಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟರಲ್ಲಿ ಮಾಸ್ತರು ಆಚಾರ್ಯರಿಗೂ ಒಂದು ಸೀಟು ಕಾಯ್ದಿಟ್ಟಾಗಿತ್ತು.

ಡಬ್ಬಿಯ ವೈರು ಕೀಳಿರೆಂದು ಮಂಗಳಮ್ಮ ಎರಡು ದಿನ ಹೇಳಿದರು. ಓಡುವ ರೈಲಿನ ಚೈನು ಕಾರಣವಿಲ್ಲದೆ ಎಳೆಯುವುದು ಅಪರಾಧವೆಂದು ಕುಬೇರಪ್ಪ ಒಪ್ಪಲಿಲ್ಲ. ಭಾನುವಾರದ ಹೊತ್ತಿಗೆ ಮಾಸ್ತರು ಪುಣೆ ದಾಟಿದ್ದರು.

ಅವತ್ತು ಬೆಳಿಗ್ಗೆ ಹತ್ತಕ್ಕೆ ಬಾಗಿಲಲ್ಲಿ ಕೈಚೀಲ ಹಿಡಿದ ವಯಸ್ಸಾದವರೊಬ್ಬರು ನಿಂತಿದ್ದರು.

"ನಂಜುಂಡಾಚಾರ್ ಅಂತ. ನಾನು ಬರ್ತೀನಿ ಅಂದಿದ್ದೆನಂತೆ. ನಾಲ್ಕು ಸಲ ಸಂದೇಶ ಬಂತು. ಕೊನೇದರಲ್ಲಿ ಅಜ್ಜಿ ಕಾಯ್ತಿದಾರೆ ಅಂತಿತ್ತು, ಮನಸ್ಸು ತಡೀಲಿಲ್ಲ."

ಕಾಫಿ ಆಯಿತು, ಉಪ್ಪಿಟ್ಟಾಯಿತು. ಮಂಗಳಮ್ಮ ಮತ್ತೊಮ್ಮೆ ಕಲ್ಯಾಣಿ ನುಡಿಸಿದರು. ಸೀನಿಯರ್ ಪಾಸಾಗಿದೆ, ಕಾಗದ ಅಂಚೆಯಲ್ಲಿ ಬರುತ್ತದೆ ಎಂದು ಆಚಾರ್ಯರು ಹೇಳಿದರು. ಮಂಗಳಮ್ಮ ಇನ್ನಷ್ಟು ಉಪ್ಪಿಟ್ಟು ಬಡಿಸಿದರು.

ಹೊರಡುವಾಗ ಆಚಾರ್ಯರು ಹೊಸ್ತಿಲಲ್ಲಿ ನಿಂತು ಬಾಯಿ ತೆರೆದರು. ಅಡುಗೆಮನೆಯ ಡಬ್ಬಿಯ ಕಡೆ ನೋಡಿದರು. ರುದ್ರಮ್ಮನವರ ಕಡೆ ನೋಡಿದರು. ಬಾಯಿ ಮುಚ್ಚಿ, ಕೈ ಮುಗಿದು, ಸದ್ದಿಲ್ಲದೆ ಮೆಟ್ಟಿಲಿಳಿದರು.

"ಓದಿದೋರು," ಎಂದರು ರುದ್ರಮ್ಮ. "ಬೇಗ ಕಲೀತಾರೆ."