ಥೀಮ್ ಪಾರ್ಕಿಗೆ ಭಾವನ ತಪಾಸಣೆ

ನಮ್ಮ ಭಾವನಿಗೆ ಮಜಾ ಮಾಡಲು ಬರುವುದಿಲ್ಲ. ಕೆಲವರಿಗೆ ಸೈಕಲ್ ಬರುವುದಿಲ್ಲ, ಕೆಲವರಿಗೆ ಶ್ರುತಿ ನಿಲ್ಲುವುದಿಲ್ಲ, ಇವರಿಗೆ ಮಜಾ. ದೇವರು ಅದನ್ನು ಹಂಚುತ್ತಿದ್ದಾಗ ಇವರು ಬಹುಶಃ ಸಾಲು ನೆಟ್ಟಗಿಲ್ಲವೆಂದು ಹಿಂದಿನವರನ್ನು ಗದರುತ್ತಿದ್ದಿರಬೇಕು. ತಮ್ಮ ಸರದಿ ಬಂದು ಹೋದದ್ದು ಗೊತ್ತೇ ಆಗಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಬೋಲ್ಟುಗಳನ್ನು ಪರೀಕ್ಷಿಸುವ ಇನ್‌ಸ್ಪೆಕ್ಟರ್ ಆಗಿದ್ದು ರಿಟೈರ್ ಆದವರು. ಬೋಲ್ಟನ್ನು ಬೆಳಕಿಗೆ ಹಿಡಿಯುವುದು, ಕಣ್ಣು ಕಿರಿದು ಮಾಡುವುದು, ‘ರಿಜೆಕ್ಟ್’ ಎಂದು ಪಕ್ಕದ ಡಬ್ಬಕ್ಕೆ ಎಸೆಯುವುದು, ಇದನ್ನೇ ಮೂವತ್ತು ವರ್ಷ ಮಾಡಿದರು. ಕಾರ್ಖಾನೆಯವರು ಹಾರ ಹಾಕಿ ಕಳಿಸಿದ ಮೇಲೆ ಎಸೆಯಲು ಬೋಲ್ಟು ಸಿಗದೆ ನಮ್ಮನ್ನು ಹಿಡಿದುಕೊಂಡರು. ಬಸವೇಶ್ವರನಗರದ ಅವರ ಮನೆಯ ಮೇಲಿನ ಪೋರ್ಷನ್ನಿನಲ್ಲಿ ನಾನು, ನನ್ನ ಗಂಡ ಗಿರೀಶ, ಮಗಳು ನಿಧಿ ಇದ್ದೇವೆ. ನಾನು ಬಟ್ಟೆಗೆ ಹಾಕಿದ ಕ್ಲಿಪ್ಪು, ಗಿರೀಶ ಸ್ಕೂಟರ್ ನಿಲ್ಲಿಸಿದ ಕೋನ, ನಿಧಿ ಚಪ್ಪಲಿ ಬಿಟ್ಟ ರೀತಿ, ಯಾವುದೂ ಇವತ್ತಿನವರೆಗೆ ಪಾಸಾಗಿಲ್ಲ. ನಾನು ಶಾಲೆಯಲ್ಲಿ ಐದನೇ ಕ್ಲಾಸಿನ ನಲವತ್ತು ಮಕ್ಕಳನ್ನು ಸಂಭಾಳಿಸಿ ಬರುವವಳು. ನನ್ನ ತಾಳ್ಮೆ ಮಧ್ಯಾಹ್ನ ಮೂರೂವರೆಗೆ ಮುಗಿದಿರುತ್ತದೆ. ಭಾವನ ಕೆಲಸ ಶುರುವಾಗುವುದು ನಾಲ್ಕಕ್ಕೆ.

ಈ ಸಲದ ಸಿಟ್ಟಿಗೆ ಕಾರಣ ನಿಧಿಯ ಪಿಯುಸಿ ಪರೀಕ್ಷೆ ಮುಗಿದದ್ದು. ಪ್ರತಿ ಬೇಸಿಗೆಯಲ್ಲೂ ನಾವು ಒಂದೇ ಪಾರ್ಕಿಗೆ ಹೋಗುತ್ತಿದ್ದೆವು. ಅಲ್ಲಿಯ ಜಾರುಬಂಡೆಗಳು ನಿಧಿಗೆ ಬಾಯಿಪಾಠವಾಗಿದ್ದವು. “ಈ ಸಲ ಬೇರೆ ಕಡೆ ಹೋಗೋಣ ಅಮ್ಮ, ಅಲ್ಲೇ ರೆಸಾರ್ಟಲ್ಲಿ ಒಂದಿನ ಇದ್ದು ಬರೋಣ” ಎಂದು ಮೈಸೂರು ರಸ್ತೆಯಲ್ಲಿ ಬಹಳ ಮುಂದೆ ಇರುವ ಇನ್ನೊಂದು ಪಾರ್ಕಿನ ಫೋಟೋ ತೋರಿಸಿದಳು. ನಾನು ಹೂಂ ಎಂದೆ. ಅಕ್ಕನೂ ಹೂಂ ಎಂದಳು. ತಪ್ಪು ಆದದ್ದು ಮುಂದಿನ ಐದು ನಿಮಿಷದಲ್ಲಿ. ಆ ಫೋಟೋ ಭಾವನ ಕೈಗೆ ಹೋಯಿತು.

“ಪ್ಲಾನಿಂಗ್ ನನಗೆ ಬಿಡಿ” ಎಂದರು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ರೆಸಾರ್ಟಿಗೆ ಮೊದಲ ಫೋನ್ ಹೋಯಿತು. ನಾನು ಅಕ್ಕನ ಅಡುಗೆಮನೆಯಲ್ಲಿದ್ದೆ. ಭಾವ ಸ್ಪೀಕರ್ ಹಾಕಿಯೇ ಮಾತಾಡುವವರು, ಸಾಕ್ಷಿಗಳು ಬೇಕಲ್ಲ.

“ನಿಮ್ಮಲ್ಲಿ ತಿರುಗೋ ದೋಣಿ ಇದ್ಯಲ್ಲಮ್ಮ, ಅದರ ಬೇರಿಂಗ್‌ಗೆ ಗ್ರೀಸ್ ಹಾಕಿದ್ದು ಯಾವತ್ತು?”

“ಸಾರ್, ನಾನು ರೂಮ್ ಬುಕಿಂಗ್ ಮಾತ್ರ ನೋಡ್ಕೊಳ್ಳೋದು.”

“ನೀನು ಅದರಲ್ಲಿ ಕೂತಿದೀಯಾ?”

“ಇಲ್ಲ ಸಾರ್.”

“ಯಾಕೆ ಕೂತಿಲ್ಲ?”

ಆ ಹುಡುಗಿ ಏನು ಹೇಳಬೇಕು? ಭಾವ ಫೋನಿಗೆ ಅಂಗೈ ಮುಚ್ಚಿ ನನ್ನ ಕಡೆ ತಿರುಗಿ, “ನೋಡಿದ್ಯಾ ಸುಮಾ, ಅಲ್ಲಿ ಕೆಲಸ ಮಾಡೋರೇ ಕೂರಲ್ವಂತೆ” ಎಂದರು. ನಾನು ಹುರುಳಿಕಾಯಿಯನ್ನು ಅಗತ್ಯಕ್ಕಿಂತ ಜೋರಾಗಿ ಮುರಿದೆ.

ದಿನವೂ ಇದೇ ಆಯಿತು. ಹಗ್ಗದ ದಪ್ಪ, ನೀರಿನ ಆಳ, ಜನರೇಟರು, ಹತ್ತಿರದ ಆಸ್ಪತ್ರೆ, ಬಾತ್‌ರೂಮಿನ ಟೈಲ್ಸು ಜಾರುತ್ತದೋ ಇಲ್ಲವೋ. ವಾರ ಕಳೆಯುವ ಹೊತ್ತಿಗೆ ಆ ಹುಡುಗಿಗೆ ಇವರ ನಂಬರು ಪರಿಚಯವಾಗಿ, “ಸಾರ್, ತಿಂಡಿ ಆಯ್ತಾ? ಹೇಳಿ, ಇವತ್ತೇನು ಡೌಟು?” ಎಂದೇ ಶುರು ಮಾಡುತ್ತಿದ್ದಳು.

ಆಮೇಲೆ ರಿಹರ್ಸಲ್ ಬಂತು. ನಾಟಕಕ್ಕೆ ರಿಹರ್ಸಲ್ ಕೇಳಿದ್ದೀರಿ, ಮದುವೆಗೂ ಈಗ ರಿಹರ್ಸಲ್ ಮಾಡುತ್ತಾರಂತೆ. ಮಜಾಕ್ಕೆ ಯಾರಾದರೂ ಮಾಡಿದ್ದಾರೆಯೇ? ಒಂದು ಭಾನುವಾರ ಬೆಳಿಗ್ಗೆ ಏಳಕ್ಕೆ ನಮ್ಮ ಬಡಾವಣೆಯ ಪಾರ್ಕಿಗೆ ನಾವೆಲ್ಲ ಬ್ಯಾಗು, ನೀರಿನ ಬಾಟಲಿ, ಟವೆಲ್ ಸಮೇತ ಹಾಜರಾಗಬೇಕಾಯಿತು. ಭಾವನ ಕೊರಳಲ್ಲಿ ಸ್ಟಾಪ್‌ವಾಚು, ಕೈಯಲ್ಲಿ ನೋಟ್‌ಬುಕ್ಕು. ಇಬ್ಬಿಬ್ಬರಾಗಿ ಸಾಲು ಕಟ್ಟಿ ಪಾರ್ಕು ಸುತ್ತಬೇಕು. ಯಾರು ಹಿಂದೆ ಬೀಳುತ್ತಾರೆ, ಯಾರು ಮೊದಲು ನೀರು ಕೇಳುತ್ತಾರೆ, ಎಲ್ಲ ಬರೆಯುತ್ತಾರಂತೆ. ವಾಕಿಂಗಿಗೆ ಬಂದಿದ್ದ ಒಬ್ಬ ಹಿರಿಯರು ಗಿರೀಶನನ್ನು ಮೆಲ್ಲಗೆ ಪಕ್ಕಕ್ಕೆ ಕರೆದು, “ಯಾವುದರ ವಿರುದ್ಧ ಸಾರ್ ಪ್ರತಿಭಟನೆ? ನಾನೂ ಸೈನ್ ಹಾಕ್ತೀನಿ” ಎಂದರು. ಗಿರೀಶ ಅವರಿಗೆ ಥ್ಯಾಂಕ್ಸ್ ಹೇಳಿದ. ಎಲ್ಲಿ ಸೈನ್ ಹಾಕಬೇಕೆಂದು ಮಾತ್ರ ಅವನಿಗೂ ಗೊತ್ತಿರಲಿಲ್ಲ.

ಇಲ್ಲಿಯವರೆಗೆ ನಾನು ನಕ್ಕು ಸುಮ್ಮನಾಗಬಹುದಿತ್ತು. ಆದರೆ ನಮ್ಮ ಅಕ್ಕನಿಗೆ ಮೊಣಕಾಲು ನೋವು. ಎಂಟು ವರ್ಷದಿಂದ ಎಡಗಾಲು ಪೂರ್ತಿ ಮಡಚಲು ಬರುವುದಿಲ್ಲ. ನಾವೆಲ್ಲ ಸುತ್ತು ಮುಗಿಸಿ ನಿಂತಿದ್ದೇವೆ, ಅವಳು ಇನ್ನೂ ಹೊಂಗೆ ಮರದ ಹತ್ತಿರ ಕುಂಟುತ್ತ ಬರುತ್ತಿದ್ದಾಳೆ. ಭಾವ ಕಣ್ಣು ತೆಗೆಯದೆ ಸ್ಟಾಪ್‌ವಾಚ್ ನೋಡುತ್ತಿದ್ದಾರೆ. ಅವಳು ಬಂದು ಮುಟ್ಟಿದ ತಕ್ಷಣ, “ಹದಿನಾಲ್ಕು ನಿಮಿಷ, ಎರಡು ಸಲ ನಿಂತಳು” ಎಂದು ಜೋರಾಗಿ ಹೇಳಿ ಬರೆದುಕೊಂಡರು. ಬೆಂಚಿನ ಮೇಲಿದ್ದ ಆಂಟಿಯರೆಲ್ಲ ತಿರುಗಿ ನೋಡಿದರು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು. ಆ ನಗು ನೋಡಿ ನನಗೆ ಮೈ ಉರಿಯಿತು. ಆ ಸ್ಟಾಪ್‌ವಾಚನ್ನು ಕಿತ್ತು ಪಕ್ಕದ ಮೋರಿಗೆ ಹಾಕಬೇಕೆನಿಸಿತು. ಹಾಕಲಿಲ್ಲ. ಮನೆಗೆ ಬಂದು ಪಾತ್ರೆ ತೊಳೆದೆ, ತೊಳೆದಿದ್ದ ಪಾತ್ರೆಗಳನ್ನೂ ತೊಳೆದೆ.

ಅದಾಗಿ ಎರಡು ದಿನಕ್ಕೆ, ಶಾಲೆಗೆ ರಜೆ ಇದ್ದ ಒಂದು ದಿನ, ಅಕ್ಕನ ಮನೆಯ ಫೋನ್ ರಿಂಗಾಯಿತು. ನಾನೇ ಎತ್ತಿಕೊಂಡೆ. ರೆಸಾರ್ಟಿನ ಹುಡುಗಿ.

“ಮೇಡಂ, ಸಾರ್ ಹುಷಾರಾಗಿದಾರಾ? ಹನ್ನೊಂದು ಗಂಟೆ ಆಯ್ತು, ಫೋನೇ ಮಾಡ್ಲಿಲ್ಲ.”

ಭಾವ ಮನೆಯಲ್ಲಿರಲಿಲ್ಲ. ದೀಪಾಂಜಲಿ ನಗರದಲ್ಲಿ ಹಳೆಯ ಸ್ನೇಹಿತರನ್ನು ನೋಡಿ ಬರುತ್ತೇನೆಂದು ತಿಂಡಿ ತಿಂದು ಹೊರಟವರು ಸಂಜೆ ಆರಕ್ಕೆ ಬಂದರು, ಮುಖವೆಲ್ಲ ಬಿಸಿಲಿಗೆ ಕೆಂಪಾಗಿತ್ತು. ಸ್ನೇಹಿತರ ಮನೆ ಸುಳ್ಳು. ಬಸ್ಸು ಹತ್ತಿ, ಒಬ್ಬರೇ ಆ ಪಾರ್ಕಿಗೆ ಹೋಗಿ, ಇಡೀ ದಿನ ಸುತ್ತಿ ಬಂದಿದ್ದರು. ನಮ್ಮನ್ನೆಲ್ಲ ಹಾಲ್‌ನಲ್ಲಿ ಕೂರಿಸಿ ಪಟ್ಟಿ ಓದಿದರು. ಒಟ್ಟು ಇಪ್ಪತ್ತೆರಡು ಆಟ. ಅದರಲ್ಲಿ ಹದಿನೇಳು ರಿಜೆಕ್ಟ್. ಉಳಿದ ಐದರಲ್ಲಿ ಒಂದು ಚಿಕ್ಕ ಮಕ್ಕಳ ರೈಲು, ಒಂದು ಮೀನು ನೋಡುವ ಕೋಣೆ.

ನಿಧಿ ಎದ್ದು ಮೇಲೆ ಹೋದಳು. ಅವಳ ಬಾಗಿಲು ಹಾಕಿಕೊಂಡ ಶಬ್ದ ಕೇಳಿತು. ನಾನು ಇಪ್ಪತ್ತು ವರ್ಷದಿಂದ ಭಾವನಿಗೆ ಎದುರಾಡಿದವಳಲ್ಲ. ಅವತ್ತು ಮಾತು ತಾನಾಗಿ ಬಂತು.

“ಭಾವ, ನೀವು ಬರಬೇಡಿ. ನಾವು ನಾಲ್ಕು ಜನ ಹೋಗಿ ಬರ್ತೀವಿ.”

“ಹಾಗೆ ಬಿಡೋಕಾಗತ್ತೇನಮ್ಮ? ಏನಾದ್ರೂ ಆದ್ರೆ?”

“ಆದ್ರೆ ನಮಗಾಗತ್ತೆ. ಮಗು ಎರಡು ವರ್ಷ ಕತ್ತೆತ್ತದೆ ಓದಿದಾಳೆ, ಅವಳನ್ನ ಮೀನು ತೋರಿಸೋಕೆ ಕರ್ಕೊಂಡು ಹೋಗ್ತೀರಾ? ಅಕ್ಕನ್ನ ಅಷ್ಟು ಜನರ ಮುಂದೆ ಟೈಮ್ ನೋಡಿ ನಡೆಸಿದ್ರಲ್ಲ, ಅವತ್ತೇ ಹೇಳ್ಬೇಕಿತ್ತು ನಾನು. ಅವಳೇನು ನಿಮ್ಮ ಫ್ಯಾಕ್ಟರಿ ಬೋಲ್ಟಾ?”

“ಸುಮಾ, ಸಾಕು ಕಣೇ” ಎಂದಳು ಅಕ್ಕ.

ಭಾವ ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಎದ್ದು ಹೋದರು. ಮೂರು ದಿನ ಮೇಲೆ ಬರಲಿಲ್ಲ. ನನ್ನ ಬಟ್ಟೆ ಕ್ಲಿಪ್ಪುಗಳನ್ನು ಯಾರೂ ಕೇಳಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಬಾಗಿಲ ಸಂದಿಯಿಂದ ಒಂದು ಹೊಸ ಹಾಳೆ ಒಳಗೆ ಬಂತು. ರಿಜೆಕ್ಟ್ ಎಂಬ ಕಾಲಮ್ಮೇ ಇರಲಿಲ್ಲ. ನಿಧಿಯ ಹೆಸರಿನ ಮುಂದೆ, ‘ಅವಳಿಷ್ಟ. ಬೆಲ್ಟ್ ಎರಡು ಸಲ ಎಳೆದು ನೋಡುವುದು’ ಎಂದಿತ್ತು. ನನಗೆ ಅಯ್ಯೋ ಪಾಪ ಅನಿಸುವುದರಲ್ಲಿತ್ತು. ಅಷ್ಟರಲ್ಲಿ ನನ್ನ ಹೆಸರಿನ ಮುಂದೆ ಬರೆದದ್ದು ಕಂಡಿತು: ‘ಸಿಟ್ಟು ಬಂದಾಗ ನೀರು ಕುಡಿಯುವುದು.’

ಹಾಳೆಯನ್ನು ಹರಿದು ಹಾಕಿ ಎರಡು ಲೋಟ ನೀರು ಕುಡಿದೆ.

ಹೊರಟ ದಿನ ಬೆಳಿಗ್ಗೆ ಆರಕ್ಕೆ ಭಾವ ಕಾರಿನ ನಾಲ್ಕೂ ಟೈರು ಒದ್ದು ನೋಡಿ ಮುಂದಿನ ಸೀಟಿನಲ್ಲಿ ಕೂತರು. ಕೆಂಗೇರಿ ದಾಟುವವರೆಗೆ ನಾನು ಮಾತಾಡದೆ ಇರುವುದನ್ನು ಎಲ್ಲರಿಗೂ ಕೇಳಿಸುವ ಹಾಗೆ ಮಾತಾಡದೆ ಇದ್ದೆ.

ಪಾರ್ಕಿನಲ್ಲಿ ನಿಧಿ ನೇರವಾಗಿ ಓಡಿದ್ದು ಎಲ್ಲಕ್ಕಿಂತ ಎತ್ತರದ ರೈಲಿನ ಹತ್ತಿರ, ತಲೆಕೆಳಗಾಗಿ ಹೋಗುವಂಥದ್ದು. ಅರ್ಧ ಗಂಟೆಯ ಸಾಲು. ಹಾಳೆಯಲ್ಲಿ ಬರೆದಿದ್ದಂತೆ ಭಾವ ಅವಳಿಗೆ ಬೇಡವೆನ್ನಲಿಲ್ಲ. ಆದರೆ ಸಾಲಿನ ಪಕ್ಕದ ಕಬ್ಬಿಣದ ಕಂಬದ ಹತ್ತಿರ ಕುಕ್ಕರಗಾಲಲ್ಲಿ ಕೂತು, ಜೇಬಿನಿಂದ ಭೂತಗನ್ನಡಿ ತೆಗೆದು ಒಂದು ಬೋಲ್ಟನ್ನು ನೋಡತೊಡಗಿದರು. ನೋಡಿ, “ಹ್ಞೂಂ” ಎಂದರು. ಪಕ್ಕದ್ದನ್ನು ನೋಡಿ ಇನ್ನೂ ಉದ್ದವಾಗಿ “ಹ್ಞೂಂ” ಎಂದರು. ಸಾಲಿನಲ್ಲಿದ್ದ ಒಬ್ಬಾತ ತನ್ನ ಗೆಳೆಯನಿಗೆ, “ಮಗಾ, ಅಂಕಲ್ ಏನೋ ನೋಡ್ತಾವ್ರೆ, ಬಾರೋ ಬೇರೆದಕ್ಕೆ ಹೋಗಣ” ಎಂದ. ಅವರ ಹಿಂದೆ ಒಂದು ಸಂಸಾರ ಹೊರಟಿತು. ಅವರ ಹಿಂದೆ ಇನ್ನೊಂದು. ಆಪರೇಟರ್ ಕೈ ಮುಗಿಯುತ್ತ ಬಂದ.

“ಸಾರ್, ದಯವಿಟ್ಟು ಎದ್ದೇಳಿ. ನೀವು ಇಲ್ಲಿ ಕೂತ್ರೆ ರೈಲು ಖಾಲಿ ಓಡತ್ತೆ.”

“ಬೋಲ್ಟ್ ಚೆನ್ನಾಗಿದೆ ಕಣಪ್ಪ. ಅದನ್ನೇ ಹೇಳೋಣ ಅಂತಿದ್ದೆ.”

ಐದೇ ನಿಮಿಷದಲ್ಲಿ ನಿಧಿಗೆ ಎಲ್ಲಕ್ಕಿಂತ ಮುಂದಿನ ಸೀಟು ಸಿಕ್ಕಿತು. ಇಳಿದು ಬಂದು, “ದೊಡ್ಡಪ್ಪ, ಎಲ್ಲಾ ರೈಡಿಗೂ ಬನ್ನಿ” ಎಂದು ಅವರ ಕೈ ಹಿಡಿದುಕೊಂಡಳು. ಅವರು ಹೋದರು. ನನಗೆ ನಾಚಿಕೆಯಿಂದ ಎಲ್ಲಿ ಮುಖ ಮುಚ್ಚಿಕೊಳ್ಳಲಿ ಎಂದಾಯಿತು.

ಊಟ ಆದ ಮೇಲೆ ನೋಡಿದರೆ ಭಾವನೂ ಇಲ್ಲ, ಅಕ್ಕನೂ ಇಲ್ಲ. ಫೋನ್ ಎತ್ತುತ್ತಿಲ್ಲ. ಹಳೆಯ ಪಾರ್ಕಿನಲ್ಲಿ ಅಕ್ಕ ಯಾವಾಗಲೂ ಬೆಂಚಿನ ಮೇಲೆ ಕೂತು ನಮ್ಮ ಬ್ಯಾಗುಗಳನ್ನು ಕಾಯುತ್ತಿದ್ದಳು. ಇಲ್ಲೂ ಅವಳನ್ನು ಎಲ್ಲೋ ಮೂಲೆಯಲ್ಲಿ ಕೂರಿಸಿ ಇವರು ಬೋಲ್ಟು ನೋಡಲು ಹೋಗಿರುತ್ತಾರೆ ಎಂದುಕೊಂಡೆ. ಹುಡುಕುತ್ತ ನಡೆದಂತೆ ಸಿಟ್ಟು ನೆತ್ತಿಗೇರಿತು. ಏನೇನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡೆ. ಈ ಸಲ ಅಕ್ಕ ಸಾಕು ಎಂದರೂ ನಿಲ್ಲಿಸುವುದಿಲ್ಲ ಎಂದು ತೀರ್ಮಾನಿಸಿದೆ.

ಪಾರ್ಕಿನ ಹಿಂಭಾಗದಲ್ಲಿ ಒಂದು ಕಾಲುವೆ ಇದೆ. ಎದೆಮಟ್ಟದ ನೀರು, ತಾನಾಗಿ ನಿಧಾನಕ್ಕೆ ಹರಿಯುತ್ತದೆ. ಗಾಳಿ ತುಂಬಿದ ದೊಡ್ಡ ಟ್ಯೂಬಿನಲ್ಲಿ ಕೂತರೆ ತೋಟವನ್ನೆಲ್ಲ ಸುತ್ತಿಸಿ ಹೊರಟ ಜಾಗಕ್ಕೇ ತಂದು ಬಿಡುತ್ತದೆ. ಅದರಲ್ಲಿ, ಹಳದಿ ಟ್ಯೂಬಿನ ಮೇಲೆ, ಎರಡೂ ಕಾಲು ನೀಡಿಕೊಂಡು, ನೆನೆದ ಚೂಡಿದಾರದಲ್ಲಿ ನಮ್ಮ ಅಕ್ಕ ತೇಲುತ್ತಿದ್ದಳು. ಕಣ್ಣು ಮುಚ್ಚಿ, ಬಾಯಿ ತೆರೆದು ನಗುತ್ತಿದ್ದಳು. ಅವಳು ಹಾಗೆ ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ಎಷ್ಟು ವರ್ಷದ ಹಿಂದೆ ನೋಡಿದ್ದೆನೋ. ದಂಡೆಯ ಮೇಲೆ ಇಸ್ತ್ರಿ ಪ್ಯಾಂಟಿನಲ್ಲಿ, ಅವಳ ಚಪ್ಪಲಿಗಳನ್ನು ಎದೆಗೆ ಅವಚಿಕೊಂಡು, ಟ್ಯೂಬು ಹೋದಷ್ಟೇ ವೇಗದಲ್ಲಿ ಭಾವ ಅವಳ ಜೊತೆ ನಡೆಯುತ್ತಿದ್ದರು.

ಸುತ್ತು ಮುಗಿಯಿತು. ಮೆಟ್ಟಿಲ ಹತ್ತಿರ ಅಕ್ಕ ಎದ್ದು ನಿಂತಳು.

“ಕಂಬಿ ಬಲಗಡೆ ಹಿಡ್ಕೋ” ಎಂದರು ಭಾವ. “ಮೊದಲನೇದು, ಎರಡನೇದು ಸಣ್ಣವು. ಮೂರನೇದು ಸ್ವಲ್ಪ ಎತ್ತರ, ಅಲ್ಲಿ ಬಲಗಾಲು ಮೊದಲು. ಅವತ್ತು ನಾನು ಎಡಗಾಲು ಮಡಚದೇನೇ ಹತ್ತಿ ನೋಡಿದೀನಿ, ಆಗತ್ತೆ.”

ಆಗಿಯೇ ಆಯಿತು. ಅಕ್ಕ ಮೇಲೆ ಬಂದು ನನ್ನನ್ನು ನೋಡಿದಳು.

“ಇಲ್ಲಿರೋ ಬೇರೆ ಕೊಳಕ್ಕೆಲ್ಲಾ ಇಳಿಯೋಕೆ ಏಣಿ ಕಣೇ, ನಂಗಾಗಲ್ಲ. ಇದೊಂದಕ್ಕೆ ಮೆಟ್ಟಿಲಿದೆ ಅಂತ ಇವರು ಅವತ್ತು ಬಂದು ಹುಡುಕಿ ಹೋಗಿದ್ರಂತೆ. ನಂಗೂ ಈಗ್ಲೇ ಹೇಳಿದ್ದು.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಭಾವನಿಗೆ ನೀರೆಂದರೆ ಭಯ. ಮನೆಯ ಸಂಪು ತೊಳೆಯಲೂ ಇಳಿಯುವುದಿಲ್ಲ. ಅಂಥವರು ಬಿಸಿಲಲ್ಲಿ ಒಬ್ಬರೇ ಬಂದು, ಗುರುತಿಲ್ಲದ ಜನರ ಮಧ್ಯೆ, ಒಂದು ಕಾಲು ಸೆಟೆದುಕೊಂಡು, ಈ ಮೆಟ್ಟಿಲುಗಳನ್ನು ಇಳಿದು ಹತ್ತಿದ್ದರು. ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನೆಲ್ಲ ಅಲ್ಲೇ ರಿಜೆಕ್ಟ್ ಡಬ್ಬಕ್ಕೆ ಹಾಕಿದೆ.

“ಹೇಳಬಾರದಿತ್ತಾ ಭಾವ?” ಎಂದೆ.

“ಹೇಳಿದ್ರೆ ಅವಳು ನನಗ್ಯಾಕೆ ಇದೆಲ್ಲಾ, ಮಕ್ಕಳು ಆಡ್ಲಿ ಅಂತಿದ್ಲು” ಎಂದರು ಅವರು, ನನ್ನ ಮುಖ ನೋಡದೆ.

“ರೀ, ಇನ್ನೊಂದು ಸುತ್ತು. ಈ ಸಲ ನೀವೂ ಬನ್ನಿ” ಎಂದಳು ಅಕ್ಕ.

“ನಾನು ಇಲ್ಲೇ ನಡೀತೀನಿ.”

ಅವರ ಕೈಯಿಂದ ಚಪ್ಪಲಿಗಳನ್ನು ನಾನು ಇಸಿದುಕೊಂಡೆ. “ಹೋಗಿ ಭಾವ, ಇವನ್ನ ನಾನು ನೋಡ್ಕೋತೀನಿ.”

ಅವರು ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿದರು, ಅದರಿಂದ ಏನೂ ಪ್ರಯೋಜನವಿಲ್ಲವೆಂದು ತಿಳಿದೂ ಮಡಚಿದರು. ಎರಡು ಟ್ಯೂಬುಗಳು ಹೊರಟವು. ಭಾವ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದರು. ಅಕ್ಕ ಕೈ ಚಾಚಿ ಅವರ ಟ್ಯೂಬಿನ ಹಿಡಿಯನ್ನು ಹಿಡಿದುಕೊಂಡಳು.

“ಮುಗೀತಾ?” ಎಂದು ಕೇಳಿದರು ಭಾವ.

“ಇನ್ನೂ ತುಂಬಾ ದೂರ ಇದೆ, ಸುಮ್ನೆ ಕೂತ್ಕೊಳ್ಳಿ” ಎಂದಳು ಅಕ್ಕ. ಇಬ್ಬರೂ ಬಿದಿರುಮೆಳೆಯ ತಿರುವಿನಲ್ಲಿ ಮರೆಯಾದರು.