ಹದಿನೆಂಟು ನಿಮಿಷದ ಪರಿಚಯ

"ಆ ಮನೆಗೆ ಕಾಲಿಂಗ್ ಬೆಲ್ ಯಾತಕ್ಕೆ, ಆಯಮ್ಮ ಇದ್ದಾರಲ್ಲ" ಎಂದು ನಮ್ಮ ನೆರೆಯವರು ಹೇಳುತ್ತಿದ್ದರು. ಅದಕ್ಕೆ ಅವರ ಪಕ್ಕದವರು, "ಬೆಲ್ಲು ಇರೋದು ಹೊರಗಿನವರು ಒಳಗಿನವರನ್ನ ಕರೆಯೋಕೆ. ಆಯಮ್ಮ ಒಳಗೆ ನಿಂತು ಇಡೀ ಬೀದೀನೇ ಕರೀತಾರೆ" ಎಂದು ತಿದ್ದುತ್ತಿದ್ದರು.

ನನ್ನವಳ ದನಿ ಅಂಥದ್ದು. ಅಡುಗೆಮನೆಯಲ್ಲಿ ನಿಂತು "ಉಪ್ಪು ಮುಗೀತು" ಅಂದಳೆಂದರೆ ಮೂರನೇ ಬೀದಿಯ ಅಂಗಡಿಯವನು ಪೊಟ್ಟಣ ಕಟ್ಟಿಡುತ್ತಿದ್ದ. ಬೆಳಗ್ಗೆ ಏಳೂ ಕಾಲಿಗೆ ನನ್ನನ್ನು ಕೆಲಸಕ್ಕೆ ಹೊರಡಿಸಲು ಗೇಟಿನ ಬಳಿ ನಿಂತು, "ರೀ! ಬನ್ರೀ, ಹೊತ್ತಾಯ್ತು!" ಎಂದು ಒಂದು ಕೂಗು ಹಾಕುತ್ತಿದ್ದಳು. ನಾನು ಹೊರಡುತ್ತಿದ್ದೆನೋ ಇಲ್ಲವೋ, ಎದುರುಮನೆಯ ದರ್ಜಿ ಮಾತ್ರ ತಪ್ಪದೆ ಸ್ಟೂಲು ಹತ್ತಿ ತನ್ನ ಗೋಡೆ ಗಡಿಯಾರವನ್ನು ಏಳೂ ಕಾಲಿಗೆ ಸರಿಮಾಡಿಕೊಳ್ಳುತ್ತಿದ್ದ. ಗಡಿಯಾರ ಚೆನ್ನಾಗಿಯೇ ಇತ್ತು. ಆದರೆ ಅವನಿಗೆ ಮುಳ್ಳಿಗಿಂತ ಆ ಕೂಗಿನ ಮೇಲೆ ಹೆಚ್ಚು ನಂಬಿಕೆ.

ಆ ಗಡಿಯಾರ ಈಗ ಮುಕ್ಕಾಲು ಗಂಟೆ ಮುಂದೆ ಓಡುತ್ತಿದೆ. ಯಾಕೆಂದರೆ ಆ ದನಿ ಈಗಿಲ್ಲ. (ಗಾಬರಿಯಾಗಬೇಡಿ, ಅವಳಿದ್ದಾಳೆ. ಇಗೋ, ಎದುರಿಗೇ ಕೂತು ಬಟಾಣಿ ಸುಲಿಯುತ್ತಿದ್ದಾಳೆ. ದನಿಯೊಂದು ಹೋಯಿತು.) ಹೋಗುವ ಮುಂಚೆ ಆ ದನಿ ನನ್ನ ಹತ್ತಿರ ಇಪ್ಪತ್ತೇ ಇಪ್ಪತ್ತು ನಿಮಿಷ ಕೇಳಿತ್ತು. ಕೊಟ್ಟೆನೋ ಇಲ್ಲವೋ, ಅದನ್ನೇ ಹೇಳಲು ಕೂತಿದ್ದೇನೆ.

ನಮ್ಮಲ್ಲೊಂದು ಸೇವಾ ಸಂಘವಿದೆ. ನಲವತ್ತೆರಡು ಜನ ಸದಸ್ಯರು. ಕಣ್ಣಿನ ತಪಾಸಣೆ ಮಾಡಿಸುತ್ತೇವೆ, ಗಿಡ ನೆಡುತ್ತೇವೆ, ನೆಟ್ಟ ಗಿಡಕ್ಕಿಂತ ಎತ್ತರವಾಗಿ ನಿಂತು ಫೋಟೊ ತೆಗೆಸಿಕೊಳ್ಳುತ್ತೇವೆ. ಪ್ರತಿ ಗುರುವಾರ ಸಂಜೆ ಆರಕ್ಕೆ ಗ್ರಂಥಾಲಯದ ಮಹಡಿಯಲ್ಲಿ ಸಭೆ. ವರದಿ, ಪ್ರಕಟಣೆ, ಕೆಮ್ಮು, ಎಲ್ಲ ಮುಗಿದು ಆರೂ ನಲವತ್ತಕ್ಕೆ ಅತಿಥಿ ಭಾಷಣ. ಏಳಕ್ಕೆ ಅಲ್ಲಿ ಚಿತ್ರಕಲಾ ತರಗತಿ. ಏಳಾದ ಮೇಲೆ ಒಂದು ನಿಮಿಷ ಕೂತಿದ್ದರೂ ಮಕ್ಕಳು ನಮ್ಮನ್ನೇ ಬರೆಯಲು ಶುರುಮಾಡುತ್ತಾರೆ.

ವಾರಕ್ಕೊಬ್ಬ ಭಾಷಣಕಾರರನ್ನು ಹುಡುಕಿ ತರುವ ಹೊಣೆ ನನ್ನದು. "ಒಂದು ವರ್ಷದ ಮಟ್ಟಿಗೆ" ಅಂದು ಕೊಟ್ಟರು. ಹನ್ನೊಂದು ವರ್ಷವಾಯಿತು. ಬೀಗ ರಿಪೇರಿಯವರನ್ನು ತಂದೆ, ಮಿಂಚಿನ ಬಗ್ಗೆ ಮಾತಾಡುವವರನ್ನು ತಂದೆ, ತಿಂಡಿಯ ತಟ್ಟೆ ಕೈಯಲ್ಲಿರುವಾಗ ಹುಳುಕು ಹಲ್ಲಿನ ಚಿತ್ರ ತೋರಿಸಿದ ದಂತವೈದ್ಯರನ್ನೂ ತಂದೆ. ಬಸ್ಸಿನಲ್ಲಿ ಪಕ್ಕ ಕೂತವರು "ಏನು ಮಾಡ್ತಿದ್ದೀರಿ?" ಅಂದರೆ ಸಾಕು, ಡೈರಿ ತೆಗೆಯುತ್ತಿದ್ದೆ.

ಗಂಟೆಯೂ ನನ್ನದೇ. ಅಂಗೈಯಗಲದ ಹಿತ್ತಾಳೆಯ ಗಂಟೆ. ಹದಿನೆಂಟನೇ ನಿಮಿಷಕ್ಕೆ ಒಂದು ಮೆಲು ಟಣ್, ಇಪ್ಪತ್ತಕ್ಕೆ ಒಂದು ಘನಘೋರ ಟಣ್. ದೊಡ್ಡವರು ಚಿಕ್ಕವರು ಎಂದು ನೋಡಿದವನಲ್ಲ. ಇದರ ಮೇಲೆ ನನ್ನದೇ ಒಂದು ಐತಿಹಾಸಿಕ ನಿರ್ಣಯವೂ ಇತ್ತು. ಹಿಂದೊಮ್ಮೆ ಒಬ್ಬ ಸದಸ್ಯರು ಅತಿಥಿಯ ಪರಿಚಯವನ್ನು ಅವರ ಮುತ್ತಜ್ಜನಿಂದ ಹಿಡಿದು, ಅತಿಥಿ ಹುಟ್ಟುವ ಹೊತ್ತಿಗೆ ಏಳು ಗಂಟೆ ಮಾಡಿಬಿಟ್ಟಿದ್ದರು. ಅವತ್ತೇ ಎದ್ದು ನಿಂತು, "ಇನ್ನು ಮುಂದೆ ಪರಿಚಯದ ಸಮಯವನ್ನೂ ಆ ಇಪ್ಪತ್ತು ನಿಮಿಷದಲ್ಲೇ ಕಳೆಯತಕ್ಕದ್ದು" ಎಂದು ಮಂಡಿಸಿದೆ. ಚಪ್ಪಾಳೆಯೊಂದಿಗೆ ಪಾಸಾಯಿತು. ಅಂದಿನಿಂದ ನನ್ನ ಪರಿಚಯವೆಂದರೆ ಮೂರೇ ಸಾಲು.

ಸಂಘದ ಬೀರುವಿನ ಕೀಲಿ ಕಳೆದುಹೋಗಿದ್ದರಿಂದ ಗಂಟೆ ನಮ್ಮ ಊಟದ ಮೇಜಿನ ಮೇಲೆಯೇ ಇರುತ್ತಿತ್ತು. ನನ್ನವಳು ತಂಗಿಯ ಮನೆಯ ಸಮಾಚಾರ ಶುರುಮಾಡಿ ನಾದಿನಿಯ ಮನೆಗೆ ದಾಟಿದಳೆಂದರೆ ನಾನು ಒಂದು ಟಣ್ ಬಾರಿಸುತ್ತಿದ್ದೆ.

"ಅದನ್ನ ಒಂದಿನ ಒಲೆಗೆ ಹಾಕ್ತೀನಿ ನೋಡಿ!"

"ಹಿತ್ತಾಳೆ ಉರಿಯಲ್ಲ ಕಣೇ."

"ನಿಮ್ಮ ಜೊತೆ ಸೇರಿ ಅದಕ್ಕೂ ದಪ್ಪ ಚರ್ಮ ಬಂದಿರುತ್ತೆ."

ಹೀಗೆ ಸುಖವಾಗಿದ್ದೆವು.

ಗ್ರಂಥಾಲಯ ನಮ್ಮ ಮನೆಯಿಂದ ಮೂರು ಬಾಗಿಲಾಚೆ. ಹಾಗಾಗಿ ಅತಿಥಿಗಳು ಮೊದಲು ನಮ್ಮಲ್ಲಿ ಕಾಫಿ ಕುಡಿದು, ಬಿಸ್ಕತ್ತು ತಿಂದು, ನನ್ನವಳಿಂದ ಅರ್ಧ ಗಂಟೆ ವಿಚಾರಣೆಗೊಳಗಾಗಿ ಆಮೇಲೆ ಸಭೆಗೆ ಹೋಗುವುದು ವಾಡಿಕೆ. ಒಂದು ಗುರುವಾರ ಗಂಟಲಿನ ಡಾಕ್ಟರು ಬಂದರು. ಕಾಫಿ ಲೋಟ ಕೈಯಲ್ಲಿ ಹಿಡಿದು ಅವಳ ಮಾತನ್ನೇ ಕೇಳುತ್ತ ಕೂತಿದ್ದರು.

"ಅಮ್ಮಾ, ದನಿ ಹೀಗೆ ಒಡೆದು ಎಷ್ಟು ದಿನ ಆಯ್ತು?"

"ಇವರನ್ನ ಕಟ್ಕೊಂಡ ದಿನದಿಂದ ಡಾಕ್ಟ್ರೇ."

ನಾನು ಬಿದ್ದು ಬಿದ್ದು ನಕ್ಕೆ. ಡಾಕ್ಟರು ನಗಲಿಲ್ಲ. ಜೇಬಿನಿಂದ ಚೀಟಿ ತೆಗೆದು ಏನೋ ಬರೆದುಕೊಟ್ಟರು. ನಾನು ಗಡಿಯಾರ ನೋಡುತ್ತ, "ಸಾರ್, ಸಭೆಗೆ ತಡವಾಗುತ್ತೆ" ಎಂದು ಅವರನ್ನು ಎಬ್ಬಿಸಿಕೊಂಡು ಹೊರಟೆ. ನನ್ನವಳೂ ಅವತ್ತು ಸಭೆಗೆ ಬಂದು ಕೊನೆಯ ಸಾಲಿನಲ್ಲಿ ಕೂತಳು.

ಡಾಕ್ಟರು ಚೆನ್ನಾಗಿ ಮಾತಾಡಿದರು, ಆದರೆ ನಿಧಾನ. ಕೊನೆಗೆ ಕನ್ನಡಕ ತೆಗೆದು, "ಒಂದು ಮಾತು ಮಾತ್ರ ಮರೀಬೇಡಿ. ಮೂರು ವಾರಕ್ಕಿಂತ ಹೆಚ್ಚು ದಿನ ದನಿ ಒಡೆದೇ ಇದ್ದರೆ..." ಅಂದರು.

ಟಣ್!

ಇಪ್ಪತ್ತಾಗಿತ್ತು. ಡಾಕ್ಟರು ಪಾಪ ಸಂಭಾವಿತರು, ಕೈ ಮುಗಿದು ಕೂತುಬಿಟ್ಟರು. ಚಿತ್ರಕಲೆಯ ಮಕ್ಕಳು ಬಣ್ಣದ ಪೆಟ್ಟಿಗೆ ಹಿಡಿದು ಒಳಗೆ ನುಗ್ಗಿದರು.

ಇದಾಗಿ ಹತ್ತು ದಿನಕ್ಕೆ ನನ್ನವಳು, "ರೀ, ನಿಮ್ಮ ಹತ್ರ ಸ್ವಲ್ಪ ಮಾತಾಡಬೇಕು" ಅಂದಳು.

ನಾನು ಜೇನು ಸಾಕುವವರೊಬ್ಬರಿಗೆ ಪತ್ರ ಬರೆಯುತ್ತಿದ್ದೆ. "ಎಷ್ಟು ಹೊತ್ತು?"

"ಇಪ್ಪತ್ತು ನಿಮಿಷ."

"ಅಯ್ಯೋ, ಈ ವಾರ ಉಸಿರಾಡೋಕೂ ಪುರುಸೊತ್ತಿಲ್ಲ ಕಣೇ."

ಅವಳು ಮೇಜಿನ ಮೇಲಿದ್ದ ಡೈರಿಯನ್ನು ನನ್ನ ಮುಂದೆ ಸರಿಸಿದಳು. ಆಮೇಲೆ, "ಹಾಗಾದ್ರೆ ನನಗೂ ಒಂದು ಗುರುವಾರ ಬರೀರಿ. ಊರವರ ಜೊತೆ ಕೂತಾದ್ರೂ ಕೇಳಿಸ್ಕೋತೀರಿ" ಅಂದಳು.

ತಮಾಷೆಯೆಂದುಕೊಂಡು ಡೈರಿಯಲ್ಲಿ ಬರೆದೆ: "ಮನೆಯವಳು." ಆ ಗುರುವಾರಕ್ಕೆ ಜೇನಿನವರು ಬರುತ್ತೇನೆಂದರು. ಅವಳ ಹೆಸರು ಹೊಡೆದು ಮುಂದಕ್ಕೆ ಹಾಕಿದೆ. ಅಲ್ಲಿ ಸೇತುವೆ ಕಟ್ಟುವ ಎಂಜಿನಿಯರು ಬಂದು ಕೂತರು. ಮತ್ತೆ ಹೊಡೆದೆ. ಅವಳು ಒಂದು ಮಾತೂ ಆಡಲಿಲ್ಲ. (ಅಲ್ಲೇ ನನಗೆ ಅನುಮಾನ ಬರಬೇಕಿತ್ತು.) ನಡುನಡುವೆ "ತಂಗಿ ಮನೆಗೆ ಹೋಗಿಬರ್ತೀನಿ" ಎಂದು ಹೋಗಿಬರುತ್ತಿದ್ದಳು. ಮನೆ ಸ್ವಲ್ಪ ಸದ್ದಡಗಿದಂತಾಗಿ, ನನಗೆ ಪರಿಚಯ ಬರೆಯಲು ಅನುಕೂಲವೇ ಆಯಿತು.

ಮೂರನೆಯ ಸಲ ಅಧ್ಯಕ್ಷರು ಫೋನ್ ಮಾಡಿದರು. ಔಷಧಿ ಅಂಗಡಿಯವರು, ಒಳ್ಳೆಯ ಮನುಷ್ಯ. "ಬರೋ ಗುರುವಾರ ಹೊಸ ಜಿಲ್ಲಾಧಿಕಾರಿಗಳು ಒಪ್ಪಿದ್ದಾರೆ ಕಣ್ರೀ!" ನಾನು ಪೆನ್ನು ತೆಗೆದೆ. ನನ್ನವಳು ಒಣಗಿದ ಬಟ್ಟೆ ಮಡಚುತ್ತಿದ್ದಳು.

"ಈ ಸಲ ಹೊಡೀಬೇಡಿ ರೀ. ಮಾರನೇ ದಿನ ಶುಕ್ರವಾರ ಆಪರೇಷನ್ನು."

"ಯಾರಿಗೆ?"

"ನಿಮ್ಮ ಡೈರಿಗೆ!" ಅಂದಳು. ಆಮೇಲೆ ನನ್ನ ಅಂಗಿಯ ತೋಳು ನೀವುತ್ತ, "ನನಗೇ. ಗಂಟಲಲ್ಲಿ ಗಡ್ಡೆ ಇದೆ, ಒಳ್ಳೇದಲ್ಲವಂತೆ. ಔಷಧಿ ಕೊಟ್ಟು ನೋಡಿದ್ರು, ಬಗ್ಗಲಿಲ್ಲ. ದನಿ ಪೆಟ್ಟಿಗೇನೇ ತೆಗೀಬೇಕಂತೆ. ಜೀವಕ್ಕೇನೂ ಆಗಲ್ಲ ಅಂದ್ರು. ಮಾತು ಇರಲ್ಲ."

ಫೋನಿನಲ್ಲಿ ಅಧ್ಯಕ್ಷರು "ಹಲೋ, ಹಲೋ" ಅನ್ನುತ್ತಿದ್ದರು.

"ತಂಗಿ ಮನೆಗೆ ಅಂತ ಹೋಗ್ತಿದ್ದೆಯಲ್ಲೇ?"

"ತಂಗೀನೇ ಆಸ್ಪತ್ರೆಗೆ ಜೊತೆ ಬಂದಿದ್ದು."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳೋಕೇ ಅಲ್ವಾ ಗುರುವಾರ ಕೇಳಿದ್ದು?"

ಜಿಲ್ಲಾಧಿಕಾರಿಗಳನ್ನು ಮುಂದಿನ ತಿಂಗಳಿಗೆ ದೂಡಿದೆ. ಹನ್ನೊಂದು ವರ್ಷದಲ್ಲಿ ನಾನು ಮಾಡಿದ ಒಂದೇ ಒಂದು ಧೈರ್ಯದ ಕೆಲಸ. "ಈಗಲೇ ಹೇಳು, ಇಲ್ಲೇ ಹೇಳು, ನೂರು ನಿಮಿಷ ಹೇಳು" ಎಂದು ಅಂಗಲಾಚಿದೆ. ಅವಳು ಬಗ್ಗಲಿಲ್ಲ. "ಬುಕ್ ಆಗಿದೆ. ಅಲ್ಲೇ ಕೇಳಿ" ಅಂದಳು. ಭಾಷಣಕಾರರು ತುಂಬುವ ನಮೂನೆಯನ್ನೂ ತುಂಬಿಕೊಟ್ಟಳು. ವಿಷಯ ಎಂಬಲ್ಲಿ "ಆಮೇಲೆ ಗೊತ್ತಾಗುತ್ತೆ" ಎಂದು ಬರೆದಿದ್ದಳು. ಸಾಧನೆ ಎಂಬಲ್ಲಿ "ಇವರನ್ನೇ ಕೇಳಿ" ಎಂದಿತ್ತು.

ನನ್ನನ್ನು ಕೇಳಿದ್ದೇ ತಪ್ಪಾಯಿತು.

ಐನೂರು ಜನರಿಗೆ ಮೂರು ಸಾಲಿನ ಪರಿಚಯ ಬರೆದ ನಾನು ಅವಳಿಗಾಗಿ ಆರು ದಿನ ಬರೆದೆ, ಹರಿದೆ, ಬರೆದೆ. ಗುರುವಾರ ಬಂತು. ಅವಳು ಇಸ್ತ್ರಿ ಮಾಡಿದ ನೀಲಿ ಸೀರೆಯುಟ್ಟು ವೇದಿಕೆಯಲ್ಲಿ ಕೂತಳು. ಕೈಯಲ್ಲಿ ನಾಲ್ಕು ಮಡಿಕೆಯ ಕಾಗದ. ತಂಗಿ ಮುಂದಿನ ಸಾಲಿನಲ್ಲಿ. ಕೆಲಸ ಬಿಟ್ಟು ದರ್ಜಿಯೂ ಬಂದಿದ್ದ, ಕೊರಳಲ್ಲಿ ಅಳತೆಪಟ್ಟಿ ಹಾಗೇ ಇತ್ತು. ಗಂಟೆಯನ್ನು ಅಧ್ಯಕ್ಷರ ಕೈಗೆ ಕೊಟ್ಟು ನಾನು ಮೈಕಿನ ಮುಂದೆ ನಿಂತೆ.

"ಮೂವತ್ತೊಂದು ವರ್ಷದ ಹಿಂದೆ ಒಬ್ಬ ಹುಡುಗಿ ಹೊರಟಿದ್ದ ಬಸ್ಸನ್ನು ಒಂದೇ ಕೂಗಿಗೆ ನಿಲ್ಲಿಸಿದಳು. ಆ ಬಸ್ಸಿನಲ್ಲಿ ನಾನಿದ್ದೆ" ಎಂದು ಶುರುಮಾಡಿದೆ. ಎಲ್ಲರೂ ನಕ್ಕರು. ನನಗೆ ಹುರುಪು ಬಂತು. ನನಗೆ ಜ್ವರ ಬಂದಾಗ ಪಕ್ಕದಲ್ಲಿ ಕೂತು ಪೇಪರ್ ಓದಿದ್ದು, ಸುದ್ದಿಯೆಲ್ಲ ಮುಗಿದು ಟೆಂಡರ್ ಪ್ರಕಟಣೆಗಳನ್ನೂ ಓದಿ ಮುಗಿಸಿದ್ದು ಹೇಳಿದೆ. ಅವಳು ಪಾತ್ರೆ ತೊಳೆಯುತ್ತ ಹಾಡುತ್ತಿದ್ದಾಗ, ಸಂಗೀತಗಾರರೊಬ್ಬರ ಪರಿಚಯ ಬರೆಯಬೇಕು, ಸುಮ್ಮನಿರು ಎಂದು ನಾನೇ ಹಾಡು ನಿಲ್ಲಿಸಿದ್ದನ್ನೂ ಹೇಳಿದೆ. ಅಲ್ಲಿಗೆ ಯಾರೂ ನಗಲಿಲ್ಲ. ಕಾಗದದಲ್ಲಿದ್ದದ್ದು ಮುಗಿದಿತ್ತು, ನನ್ನ ಬಾಯಿ ಮುಗಿದಿರಲಿಲ್ಲ. ನಾನು ಕೂತರೆ ಅವಳು ಎದ್ದು ನಿಲ್ಲುತ್ತಾಳೆ, ಅವಳು ಎದ್ದರೆ ಆ ಇಪ್ಪತ್ತು ನಿಮಿಷ ಶುರುವಾಗುತ್ತದೆ, ಶುರುವಾದದ್ದು ಮುಗಿಯುತ್ತದೆ. ನಾನು ಹೇಳುತ್ತಲೇ ಹೋದೆ.

ಟಣ್.

ಮೆಲುವಾದ ಟಣ್. ಹದಿನೆಂಟು ನಿಮಿಷ. ಪರಿಚಯದ ಸಮಯವನ್ನೂ ಅದರಲ್ಲೇ ಕಳೆಯತಕ್ಕದ್ದು.

ಬೆಪ್ಪಾಗಿ ನಿಂತೆ. ಬಾಗಿಲಲ್ಲಿ ಆಗಲೇ ಬಣ್ಣದ ಪೆಟ್ಟಿಗೆಗಳು ಸೇರಿದ್ದವು. ಅಧ್ಯಕ್ಷರು ಎದ್ದು, "ಅಮ್ಮಾ, ಇವತ್ತು ನಿಯಮ ಬೇಡ. ಮಕ್ಕಳಿಗೆ ನಾನು ಹೇಳ್ತೀನಿ, ನೀವು ಎಷ್ಟು ಹೊತ್ತಾದ್ರೂ ಮಾತಾಡಿ" ಅಂದರು.

"ಬೇಡ ಸಾರ್. ಎಲ್ಲರಿಗೂ ಒಂದೇ ಲೆಕ್ಕ ಅಂತ ಇವರು ಯಾವಾಗಲೂ ಹೇಳ್ತಾರೆ" ಎಂದು ನನ್ನವಳು ಎದ್ದಳು. ಕಾಗದ ಬಿಡಿಸಲಿಲ್ಲ. ಮೈಕನ್ನು ಪಕ್ಕಕ್ಕೆ ಸರಿಸಿದಳು, ಅವಳಿಗೆಂದೂ ಅದು ಬೇಕಾದದ್ದಿಲ್ಲ. ಆದರೆ ಅವತ್ತು ಬೇಕಿತ್ತು. ದನಿ ಮೂರನೇ ಸಾಲಿಗೆ ಹೋಗುವಷ್ಟರಲ್ಲಿ ಸವೆದುಹೋಗುತ್ತಿತ್ತು. ಜನ ಕುರ್ಚಿಯ ಅಂಚಿಗೆ ಸರಿದರು.

"ಅವತ್ತು ಡಾಕ್ಟ್ರು ಒಂದು ವಾಕ್ಯ ಅರ್ಧಕ್ಕೇ ಬಿಟ್ಟು ಹೋದ್ರು. ಮೂರು ವಾರಕ್ಕಿಂತ ಹೆಚ್ಚು ದಿನ ದನಿ ಒಡೆದೇ ಇದ್ದರೆ ಕಾಯಬೇಡಿ, ಹೋಗಿ ತೋರಿಸಿ. ಪೂರ್ತಿ ವಾಕ್ಯ ಇಷ್ಟು. ನನಗೆ ಆರು ತಿಂಗಳಿಂದ ಒಡೆದಿತ್ತು. ಮನೇಲಿ ಯಾರಿಗಾದ್ರೂ ಹೀಗಿದ್ರೆ ಕರ್ಕೊಂಡು ಹೋಗಿ. ನಗಬೇಡಿ."

ನನ್ನ ಕಡೆ ತಿರುಗಿ ನೋಡಿದಳು. "ನಿಮ್ಮ ಪರಿಚಯ ಚೆನ್ನಾಗಿತ್ತು" ಎಂದು ಹೇಳಿ ಕೂತುಬಿಟ್ಟಳು.

ಇನ್ನೂ ಅರ್ಧ ನಿಮಿಷ ಬಾಕಿಯಿತ್ತು. ಗಂಟೆ ಆಗದೆ ಚಪ್ಪಾಳೆ ತಟ್ಟಬಾರದೆಂದು ನಾನೇ ಕಲಿಸಿದ್ದೆನಲ್ಲ, ನಲವತ್ತೆರಡು ಜನವೂ ಸುಮ್ಮನೆ ಕೂತಿದ್ದರು. ಅಷ್ಟು ಉದ್ದದ ಅರ್ಧ ನಿಮಿಷವನ್ನು ನಾನು ಕಂಡಿಲ್ಲ.

ಶುಕ್ರವಾರ ಬೆಳಗ್ಗೆ ಆರೂವರೆಗೆ ಟ್ಯಾಕ್ಸಿ ಹೇಳಿದ್ದೆವು. ನಾನು ಐದಕ್ಕೇ ಎದ್ದು, ಹೊರಡುವ ಸಿದ್ಧತೆಯೆಲ್ಲ ಮುಗಿದ ಮೇಲೆ ಕುರ್ಚಿ ಎಳೆದುಕೊಂಡು ಅವಳ ಮುಂದೆ ಕೂತೆ. "ಉಳಿದ ಹದಿನೆಂಟು ನಿಮಿಷ ಈಗ ಹೇಳು. ಆ ಕಾಗದ ಓದು."

ಅವಳು ಮಡಿಕೆ ಬಿಡಿಸಿದಳು. ಪ್ರೀತಿ, ಕೋಪ, ಕ್ಷಮೆ, ಏನೇನೋ ಇರಬಹುದೆಂದು ಕಾದೆ.

"ಹಿತ್ತಲ ಬಾಗಿಲ ಕೀಲಿ ಎಡಕ್ಕೆ ತಿರುಗಿಸಿ ಮೇಲೆತ್ತಬೇಕು. ನಿಮ್ಮ ಬಿ.ಪಿ. ಮಾತ್ರೆ ಬೆಳಗ್ಗಿಂದು, ಬಿಳೀದು. ಸ್ಟವ್ ಮೇಲೆ ಹಾಲಿಟ್ಟು ಪೇಪರ್ ಹಿಡೀಬೇಡಿ. ಮಳೆ ಬಂದ್ರೆ ಮಹಡಿ ಕಿಟಕಿ..."

"ಇದನ್ನ ಅಷ್ಟು ಜನರ ಮುಂದೆ ಓದೋಳಿದ್ದೆಯಾ?"

"ಸಾಕ್ಷಿ ಇರಲಿ ಅಂತ. ಒಬ್ಬರಿಗೇ ಹೇಳಿದ್ರೆ 'ನೀನು ಹೇಳೇ ಇಲ್ಲ' ಅಂತೀರಿ."

ಅವಳು ಓದುತ್ತಿದ್ದಂತೆಯೇ ಹೊರಗೆ ಟ್ಯಾಕ್ಸಿ ಹಾರ್ನ್ ಹಾಕಿತು. ಇನ್ನೂ ಒಂದು ಮಗ್ಗುಲು ಉಳಿದಿತ್ತು. ಕಾಗದವನ್ನು ನನ್ನ ಜೇಬಿಗೆ ತುರುಕಿ ಅವಳು ಎದ್ದಳು. ಮೇಜಿನ ಮೇಲಿದ್ದ ಗಂಟೆಯನ್ನು ಸೆರಗಿನಿಂದ ಒರೆಸಿ ತನ್ನ ಚೀಲಕ್ಕೆ ಹಾಕಿಕೊಂಡಳು.

"ಅದ್ಯಾಕೇ?"

"ನಾಳೆಯಿಂದ ನಿಮ್ಮನ್ನ ಕರೆಯೋದು ಹೇಗೆ? ಚಪ್ಪಾಳೆ ತಟ್ಟಲಾ?"

ಅವಳು ಹೊರಗೆ ಹೋದಳು. ನಾನು ಕನ್ನಡಕ ಹುಡುಕುವ ನೆಪದಲ್ಲಿ ಒಳಗೇ ಉಳಿದೆ. ಮುಖ ತೊಳೆದೆ. ಇನ್ನೊಂದು ಸಲ ತೊಳೆದೆ. ಆಗ ಗೇಟಿನಿಂದ ಬಂತು. ನಡುವೆ ಬಿರುಕುಬಿಟ್ಟು, ಕೊನೆಯಲ್ಲಿ ಗಾಳಿಯಷ್ಟೇ ಉಳಿದು, ಆದರೂ ಆ ತುದಿಯಿಂದ ಈ ತುದಿಗೆ:

"ರೀ! ಬನ್ರೀ, ಹೊತ್ತಾಯ್ತು!"

ನಾನು ಬಾಗಿಲಿಗೆ ಬಂದಾಗ ಎದುರು ಜಗಲಿಯಲ್ಲಿ ದರ್ಜಿ ಹಲ್ಲುಜ್ಜುತ್ತ ನಿಂತಿದ್ದ. ತನ್ನ ಗಡಿಯಾರ ನೋಡಿದ, ಆರೂವರೆ. ಅವಳನ್ನು ನೋಡಿದ. ಬಾಯಲ್ಲಿ ಬ್ರಷ್ ಕಚ್ಚಿಕೊಂಡೇ ಒಳಗೆ ಹೋಗಿ, ಸ್ಟೂಲು ಎಳೆದು ಹತ್ತಿ, ಮುಳ್ಳನ್ನು ಏಳೂ ಕಾಲಿಗೆ ತಿರುಗಿಸಿದ.

ಅವಳು ಅವನಿಗೆ ಕೈಬೀಸಿ, ಗೇಟಿನ ಚಿಲಕ ಹಾಕಿ, ಟ್ಯಾಕ್ಸಿ ಹತ್ತಿದಳು. ಒಂದೊಂದು ಹೆಜ್ಜೆಗೂ ಚೀಲದಲ್ಲಿ ಗಂಟೆ ಮೆಲ್ಲಗೆ ಸದ್ದು ಮಾಡುತ್ತಿತ್ತು.