ಏಳು ಸಲ ಬಿದ್ದ ನಿಜಲಿಂಗಪ್ಪ

ಸೊಂಟದ ಪಟ್ಟಿಗೆ ಒಂಬತ್ತು ಸಾವಿರ, ಕಾಲಿನ ಎರಡು ಪಟ್ಟಿಗೆ ಆರು ಸಾವಿರ, ಮೇಲೆ ತಿಂಗಳಿಗೆ ಆರುನೂರು. ನಿಜಲಿಂಗಪ್ಪ ತನ್ನ ಮದುವೆಯಲ್ಲೂ ಇಷ್ಟು ಬೆಲೆಯದ್ದನ್ನು ಮೈಮೇಲೆ ಹಾಕಿಕೊಂಡಿರಲಿಲ್ಲ.

ಅವನಿಗೆ ಪಾರ್ಕಿನ್ಸನ್ ಕಾಯಿಲೆ. ಕೈ ನಡುಗುತ್ತಿತ್ತು, ಹೆಜ್ಜೆ ನೆಲಕ್ಕೆ ಅಂಟುತ್ತಿತ್ತು. ಆದರೆ ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಕೊಟ್ರೇಶನ ದಲಾಲಿ ಅಂಗಡಿಗೆ ಬೇಕಾದದ್ದು ಅವನ ಮೂಗು. ಮೆಣಸಿನಕಾಯಿ ಮುರಿದು, ಮೂಸಿ, ಮಾಲು ಎಂಥದ್ದೆಂದು ಹೇಳುವುದು ಅವನ ಕೆಲಸ.

"ಪಟ್ಟಿ ಕಟ್ಕೊಂಡು ಒಂದು ದಿನ ಬೀಳದಂಗ ಕೆಲಸ ಮಾಡಿ ತೋರಿಸ್ರಿ. ಬಿದ್ರ ಮುಂದ ಮನ್ಯಾಗ ಕುಂದ್ರಬೇಕು" ಎಂದಿದ್ದರು ಹಾವೇರಿಯ ಡಾಕ್ಟರಮ್ಮ. ಆ ಪಟ್ಟಿಗಳು ಮೈಯ ಅಲುಗಾಟ ಅಳೆಯುತ್ತಿದ್ದವು; ಅವನು ಬಿದ್ದರೆ ಅವರಿಗೂ, ರಾಣೇಬೆನ್ನೂರಿನ ಶಾಲೆಯಲ್ಲಿ ಕಲಿಸುವ ಮಗಳು ಸುಚಿತ್ರಾಗೂ ಫೋನಿನಲ್ಲಿ ತಾನಾಗಿಯೇ ಸುದ್ದಿ ಹೋಗುತ್ತಿತ್ತು.

ಆ ಪರೀಕ್ಷೆಯ ದಿನ ಸೋಮವಾರ. ಅಂಗಡಿಯಲ್ಲಿ ಹಮಾಲ ಮುಸ್ತಾಕ್ ಒಂದು ಚೀಲ ಸುರಿದ. ಕೆಂಪು ದೂಳು ಎದ್ದಿತು. ನಿಜಲಿಂಗಪ್ಪ ಸೀನಿದ. ಹಳೇ ಲಾರಿ ಚಾಲೂ ಆದ ಹಾಗೆ ಮೈಯೆಲ್ಲ ಅಲುಗಿತು. ಕಿಸೆಯಲ್ಲಿ ಫೋನು ಬಡಿದುಕೊಂಡಿತು.

"ಅಪ್ಪಾ, ಬಿದ್ದೀಯೇನು?"

"ಇಲ್ಲವಾ, ಸೀನಿದೆ."

"ಇಲ್ಲಿ ಬಿದ್ದಾರ ಅಂತ ಬಂದೈತಿ!"

"ಸೀನೂದು ಯಾವುದು, ಬೀಳೂದು ಯಾವುದು ತಿಳೀದಂಥಾದ್ದಕ್ಕ ಹದಿನೈದು ಸಾವಿರ ಸುರುವಿದೇನವಾ?"

ಸುಚಿತ್ರಾ ನಂಬದೆ ಕೊಟ್ರೇಶನಿಗೆ ಫೋನು ಹಚ್ಚಿದಳು. "ಏ ಮುಸ್ತಾಕ್, ಕಾಕಾನ್ನ ಗಟ್ಟಿ ಹಿಡ್ಕೋ!" ಎಂದು ಅವನು ಕೂಗಿದ. ಮುಸ್ತಾಕ್ ಓಡಿ ಬಂದು ತಬ್ಬಿ ಹಿಡಿದ. ಅವನ ಅಂಗಿಯಲ್ಲಿ ಬೆಳಗ್ಗೆಯಿಂದ ಹೊತ್ತ ಅಷ್ಟೂ ಚೀಲದ ದೂಳಿತ್ತು. ನಿಜಲಿಂಗಪ್ಪ ಸಾಲಾಗಿ ನಾಲ್ಕು ಸೀನಿದ.

ಪಕ್ಕದ ಅಂಗಡಿಯವರು ಬಂದು ಅವನ ಮೂಗಿಗೆ ಒದ್ದೆ ವಸ್ತ್ರ ಬಿಗಿದರು. ಸೀನು ನಿಂತಿತು, ವಾಸನೆಯೂ ನಿಂತಿತು. ಕೋಲ್ಡ್ ಸ್ಟೋರೇಜಿನಿಂದ ಬಂದ ಕಳೆದ ವರ್ಷದ ಮಾಲನ್ನು ನಿಜಲಿಂಗಪ್ಪ "ಹೊಸಾದು, ಛಲೋ ಐತಿ" ಎಂದುಬಿಟ್ಟ. ಖರೀದಿದಾರ ಕೊಟ್ರೇಶನ ಮೇಲೆ ಹರಿಹಾಯ್ದ. ಗಾಬರಿಯಲ್ಲಿ ನಿಜಲಿಂಗಪ್ಪ ವಸ್ತ್ರ ಕಿತ್ತ. ಮತ್ತೆರಡು ಸೀನು.

ಡಾಕ್ಟರಮ್ಮನೇ ಫೋನು ಮಾಡಿದರು. "ಏಳು ಸಲ ಬಿದ್ದೀರಿ!"

"ಡಾಕ್ಟರವ್ವಾ, ಬ್ಯಾಡಗಿಗೆ ಬಂದು ನೋಡ್ರಿ. ಇಡೀ ಮಾರ್ಕೆಟ್ಟ ಬೀಳಾಕತ್ತೈತಿ."

ಅವರು ನಗಲಿಲ್ಲ. ಕೊಟ್ರೇಶನೂ ನಗಲಿಲ್ಲ.

"ಕಾಕಾ, ನಾಳಿಂದ ಮನ್ಯಾಗ ಆರಾಮ ಇರ್ರಿ."

"ನೀ ಎದುರಿಗೇ ಇದ್ದೆಲ್ಲೋ. ನಾ ಬಿದ್ದದ್ದು ನೋಡಿದೇನು?"

"ನೋಡಿಲ್ಲರಿ. ಆದ್ರ ಡಾಕ್ಟರವ್ವನ ರಿಪೋರ್ಟಿನ್ಯಾಗ ಐತಲ್ಲರಿ."

ನಿಜಲಿಂಗಪ್ಪ ಮನೆಗೆ ಬಂದ. ಅಂಗಿ, ಫೋನು ಗೂಟಕ್ಕೆ ಸಿಕ್ಕಿಸಿ ಮುಖ ತೊಳೆಯಲು ಬಚ್ಚಲಿಗೆ ಹೋದ. ಹೊಸ್ತಿಲಲ್ಲಿ ಹೆಜ್ಜೆ ಅಂಟಿತು. ಗೋಡೆ ಹಿಡಿದ. ಗೋಡೆಗುಂಟ ಬಿಚ್ಚಿದ ಚೀಲದಂತೆ ಮೆಲ್ಲಗೆ, ಸದ್ದಿಲ್ಲದೆ ಜಾರಿ ನೆಲಕ್ಕೆ ಕುಸಿದ. ಬಲಗೈ ಮೈಯಡಿ ಸಿಕ್ಕಿ ಲಟಕ್ಕೆಂದಿತು. ಏಳಲಾಗಲಿಲ್ಲ.

ಪಟ್ಟಿ ಸುದ್ದಿ ಕಳಿಸಿರುತ್ತದೆ, ಈಗ ಸುಚಿತ್ರಾಳ ಫೋನು ಬರುತ್ತದೆಂದು ಕಾದ. ಬರಲಿಲ್ಲ. ಕೂಗಿದ. ಓಣಿಯಲ್ಲಿ ಟ್ರ್ಯಾಕ್ಟರುಗಳ ಸದ್ದು. ಕೊನೆಗೆ ಸೀನಲು ನೋಡಿದ. ಬಚ್ಚಲಲ್ಲಿ ಮೆಣಸಿನಕಾಯಿ ಎಲ್ಲಿಂದ ಬರಬೇಕು?

ಎರಡು ತಾಸಿನ ಮೇಲೆ, ಏಳು ಸಲ ಬಿದ್ದ ಅಪ್ಪನನ್ನು ನೋಡಲು ಶಾಲೆ ಮುಗಿಸಿ ಹೊರಟಿದ್ದ ಸುಚಿತ್ರಾ ಬಂದು ಎಬ್ಬಿಸಿದಳು. ತನ್ನ ಫೋನು ತೆರೆದು ನೋಡಿದಳು.

"ಏನಂತ ಬಂದೈತಿ?" ಎಂದ.

"ನಾಕೂವರಿಯಿಂದ ಸ್ಥಿರವಾಗಿ ಕುಳಿತಿದ್ದಾರೆ, ಸಮತೋಲನ ಉತ್ತಮ ಅಂತ, ಅಪ್ಪಾ" ಎಂದು ಅತ್ತಳು.

ಆ ದಿನ ನಿಜಲಿಂಗಪ್ಪನಿಗೆ ಮೂವತ್ತೊಂದು ವರ್ಷದ ಕೆಲಸ ಹೋಯಿತು, ಬಲಗೈ ಮುರಿಯಿತು. ಪಟ್ಟಿ ಸೊಂಟದಲ್ಲೇ ಉಳಿಯಿತು.